ಮಾತ್ರೆ ನುಂಗಿ ಮರೆತ ಜಗಳ

ನಮ್ಮ ಮನೆಯಲ್ಲಿ ಯಾರಿಗೆ ಏನು ಮರೆತುಹೋದರೂ ನನ್ನನ್ನು ಕೇಳುತ್ತಿದ್ದರು. ಯಾವ ಮದುವೆಯಲ್ಲಿ ಯಾರು ಸಿಟ್ಟು ಮಾಡಿಕೊಂಡು ಊಟಕ್ಕೆ ಕೂರದೆ ಎದ್ದುಹೋದರು, ಯಾವ ಸೊಸೆಗೆ ತವರಿನಿಂದ ಯಾವ ಬಣ್ಣದ ಸೀರೆ ಬಂತು, ಅದರ ಸೆರಗು ಎಷ್ಟು ಕಿರಿದಾಗಿತ್ತು, ಇವೆಲ್ಲ ನನ್ನ ತಲೆಯಲ್ಲಿ ಭದ್ರವಾಗಿದ್ದವು. ಇದರಿಂದ ಯಾರಿಗಾದರೂ ಉಪಯೋಗವಿತ್ತೇ ಎಂದು ಈಗ ಯೋಚಿಸಿದರೆ, ಇರಲಿಲ್ಲ. ಆದರೆ ಸೋಮವಾರಪೇಟೆಯ ನಮ್ಮ ಬೀದಿಯ ಹೆಂಗಸರು ‘ಅವಳನ್ನ ಕೇಳಿ, ಅವಳಿಗೆ ಗೊತ್ತಿರ್ತದೆ’ ಎಂದಾಗ ನನಗೆ ಒಡವೆ ಹಾಕಿಕೊಂಡಷ್ಟು ಸಂತೋಷವಾಗುತ್ತಿತ್ತು. ಓದಿದ್ದು ಕಡಿಮೆ, ಬಣ್ಣ ಕಪ್ಪು, ಹಾಡು ಬರುತ್ತಿರಲಿಲ್ಲ. ಇದ್ದ ಒಂದೇ ಹೆಚ್ಚುಗಾರಿಕೆ ನೆನಪು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದ ಕಾಲ ಅದು. ನನ್ನ ಗಂಡನದು ಏಲಕ್ಕಿ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ವಾಸನೆ ನಮ್ಮ ಹಾಸಿಗೆ ಬಟ್ಟೆಗೂ ಹತ್ತಿಕೊಂಡಿರುತ್ತಿತ್ತು. ನಾನು, ಅವರು, ನಮ್ಮ ಇಬ್ಬರು ಹೆಣ್ಣುಮಕ್ಕಳು ಮತ್ತು ನನ್ನ ಅತ್ತೆ, ಇಷ್ಟು ಜನ. ಅತ್ತೆಗೆ ಊರಿನಲ್ಲಿ ಏನು ಕೆಟ್ಟರೂ ಅದು ಮೈಸೂರಿಗೆ ಸೇರಿದ್ದರಿಂದಲೇ ಕೆಟ್ಟದ್ದು. ಮಳೆ ತಡವಾದರೆ ಮೈಸೂರು, ಬಸ್ಸು ತಡವಾದರೆ ಮೈಸೂರು.

ಅಂಥ ನಾನು ಒಂದು ವರ್ಷ ಮಳೆಗಾಲ ಮುಗಿದು ಒಳ್ಳೆಯ ಬಿಸಿಲು ಬಿದ್ದ ಮೇಲೆ, ಊರಿನವರೆಲ್ಲ ಸಂಡಿಗೆ ಒಣಹಾಕುವ ಹೊತ್ತಿನಲ್ಲಿ, ಚಾಪೆ ಹಿಡಿದು ಮಲಗಿಬಿಟ್ಟೆ. ಜ್ವರವಿಲ್ಲ, ಕೆಮ್ಮಿಲ್ಲ. ಅನ್ನ ಬಾಯಿಗಿಟ್ಟರೆ ಮಣ್ಣು. ಮಕ್ಕಳು ಬಂದು ಏನಾದರೂ ಹೇಳಿದರೆ ಅದು ನನ್ನವರೆಗೆ ಬರುವುದಕ್ಕೇ ಹೊತ್ತು ಹಿಡಿಯುತ್ತಿತ್ತು. ತಲೆ ಬಾಚಿಕೊಳ್ಳುವುದು ಬೆಟ್ಟ ಹತ್ತುವ ಕೆಲಸದಂತೆ ಕಾಣುತ್ತಿತ್ತು. ಇವರಿಗೆಲ್ಲ ನಾನೊಂದು ಭಾರ, ನಾನು ಇಲ್ಲದಿದ್ದರೆ ಮನೆ ಹಗುರಾದೀತು ಎಂಬ ಯೋಚನೆ ಬೆಳಗ್ಗೆ ಕಣ್ಣು ಬಿಡುವ ಮುಂಚೆಯೇ ಬಂದು ಕಾದು ಕುಳಿತಿರುತ್ತಿತ್ತು. ಆ ದಿನಗಳನ್ನು ತಮಾಷೆ ಮಾಡಲು ನನಗೆ ಈಗಲೂ ಬರುವುದಿಲ್ಲ.

ಅತ್ತೆ ಮೊದಮೊದಲು ಬಾಗಿಲಲ್ಲಿ ನಿಂತು, “ಏನವ್ವ, ಇನ್ನೂ ಏಳಲಿಲ್ವಾ? ಬಿಸ್ಲು ನೆತ್ತಿಗ್ ಬಂತು” ಎನ್ನುತ್ತಿದ್ದರು. ಆಮೇಲೆ ದೃಷ್ಟಿ ತೆಗೆದರು. ಮಠದಿಂದ ವಿಭೂತಿ ತರಿಸಿದರು. ಕಹಿ ಕಷಾಯ ಕುಡಿಸಿದರು. ಊರಿನ ಡಾಕ್ಟರು ಶಕ್ತಿಗೆಂದು ಸೂಜಿ ಚುಚ್ಚಿ, ಕೊನೆಗೆ ನನ್ನ ಗಂಡನನ್ನು ಹೊರಗೆ ಕರೆದು, “ಮೈಸೂರಿಗೆ ಕರ್ಕೊಂಡ್ ಹೋಗಿ. ಇದು ಮನಸ್ಸಿಂದು” ಎಂದರು.

ಬೀದಿಯವರಿಗೆ ಕಣ್ಣು ತೋರಿಸಲು ಹೋಗುತ್ತಿದ್ದೇವೆ ಎಂದು ಹೇಳಿ ಹೊರಟೆವು. ಕುಶಾಲನಗರ, ಹುಣಸೂರು ದಾಟಿ ಮೈಸೂರು ಸೇರುವವರೆಗೆ ಗಂಡ ಹೆಂಡತಿ ಒಂದು ಮಾತೂ ಆಡಲಿಲ್ಲ. ನನ್ನ ಗಂಡ ಮೊದಲೇ ಮಾತು ಕಡಿಮೆಯವರು. ನಾನು ಮಾತಾಡದೆ ಇದ್ದದ್ದು ಮಾತ್ರ ಅವರಿಗೆ ಹೊಸದು. ಆಗಾಗ ತಿರುಗಿ ನನ್ನ ಮುಖ ನೋಡುತ್ತಿದ್ದರು.

ಮನಸ್ಸಿನ ಡಾಕ್ಟರು ಎಂದರೆ ಹೇಗಿರುತ್ತಾರೋ ಎಂದುಕೊಂಡಿದ್ದೆ. ನಮ್ಮ ಅಂಗಡಿಗೆ ಬರುವ ಗಿರಾಕಿಯ ಹಾಗೆಯೇ ಇದ್ದರು. ಕನ್ನಡಕ ಒರೆಸುತ್ತಾ ಕೇಳಿದರು, “ಏನಾದ್ರೂ ನಡೀತಾಮ್ಮ ಮನೇಲಿ? ಸಾವು, ಜಗಳ, ಅಂಥದ್ದು?”

ನನಗೆ ನಾಚಿಕೆಯಾಯಿತು. ಊರಿನವರ ಸಂಕಟಗಳೆಲ್ಲ ಬಾಯಿಪಾಠವಿರುವ ನನಗೆ ನನ್ನ ಸಂಕಟಕ್ಕೆ ಒಂದು ಕಾರಣ ಸಿಗಲಿಲ್ಲ. “ಏನೂ ಇಲ್ಲ” ಎಂದು ಅಳತೊಡಗಿದೆ.

“ಏನೂ ಇಲ್ದೇನೂ ಬರತ್ತೆ. ಅದಕ್ಕೆ ನೀವು ಹೊಣೆ ಅಲ್ಲ” ಎಂದರು ಅವರು. ಈ ಕಾಯಿಲೆಗೆಂದೇ ಹೊಸದಾಗಿ ಬಂದಿರುವ ಮಾತ್ರೆ ಎಂದು ಬರೆದುಕೊಟ್ಟರು. ಗುಣ ತೋರಿಸಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಬೇಸರಪಟ್ಟು ಬಿಡಬಾರದು. ಬಾಯಿ ಒಣಗುತ್ತದೆ, ಹೊಟ್ಟೆ ಕಟ್ಟಬಹುದು, ಸ್ವಲ್ಪ ಮಂಕು ಅನ್ನಿಸಬಹುದು ಎಂದರು. ಈಗಲೇ ಇಷ್ಟು ಮಂಕಾಗಿದ್ದೇನೆ, ಇದಕ್ಕಿಂತ ಮಂಕಾಗುವುದು ಹೇಗೆ ಎಂದುಕೊಂಡು ತಲೆಯಾಡಿಸಿದೆ. ಹೇಗೆ ಎಂಬುದು ಆಮೇಲೆ ತಿಳಿಯಿತು.

ಮಾತ್ರೆ ಚಿಕ್ಕದು, ಇಟ್ಟಿಗೆ ಬಣ್ಣದ್ದು, ಮೇಲೆ ಸಕ್ಕರೆಯ ಲೇಪ. ಮನೆಯಲ್ಲಿ ಅದಕ್ಕೆ ‘ಶಕ್ತಿ ಮಾತ್ರೆ’ ಎಂದು ಹೆಸರಾಯಿತು. ಮೊದಲ ವಾರಗಳಲ್ಲಿ ಬಾಯಿ ಒಣಗಿದ್ದು ಬಿಟ್ಟರೆ ಇನ್ನೇನೂ ಆಗಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಮಾತಾಡಿದರೆ ಅಂಟು ಬಿಡಿಸಿದ ಹಾಗೆ ಶಬ್ದ ಬರುತ್ತಿತ್ತು. ಚಾಪೆಯಿಂದ ದಡಕ್ಕನೆ ಎದ್ದರೆ ಗೋಡೆ ತಿರುಗುತ್ತಿತ್ತು. ಆಮೇಲೆ ಒಂದು ಬೆಳಗ್ಗೆ ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂದು, ಅದು ನನಗೆ ಬೇಕು ಅನ್ನಿಸಿತು. ಎದ್ದು ಹೋಗಿ ಒಲೆಯ ಮುಂದೆ ಕುಳಿತೆ. ಅತ್ತೆ ಏನೂ ಕೇಳದೆ ತಟ್ಟೆಗೆ ಬಡಿಸಿದರು. ಉಂಡೆ. ಉಪ್ಪು, ಹುಳಿ, ಖಾರ ಎಲ್ಲ ತಿಳಿಯಿತು. ಆ ದಿನದಿಂದ ನಾನು ಮೇಲೇಳತೊಡಗಿದೆ.

ಮೇಲೇನೋ ಎದ್ದೆ. ಆದರೆ ನೆನಪು ಚಾಪೆಯಲ್ಲೇ ಉಳಿದಿತ್ತು.

ಮೊದಲು ಕೈತಪ್ಪಿದ್ದು ಸಣ್ಣ ಮಾತುಗಳು. ಸೌಟು ಕೈಗೆ ಬೇಕು, ಆದರೆ ‘ಸೌಟು’ ಎಂಬ ಮಾತು ಬಾಯಿಗೆ ಬರದು. “ಅದ್ ಕೊಡೆ, ಆ ಉದ್ದಂದು, ಕೆಳಗೆ ಗುಂಡಗಿರೋದು” ಎನ್ನುತ್ತಿದ್ದೆ. ದೊಡ್ಡ ಮಗಳು ಕೇಕೆ ಹಾಕಿ ನಗುತ್ತಿದ್ದಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಾಕುವುದು ವಾಡಿಕೆಯಾಯಿತು. ಲಿಂಗಪೂಜೆ ಮಾಡಿ ಎದ್ದು ಬಂದು, ಮಾಡಿದೆನೇ ಎಂಬ ಅನುಮಾನ ಬಂದು, ಮತ್ತೆ ಹೋಗಿ ಕೂರುತ್ತಿದ್ದೆ. ಅತ್ತೆ ಇದನ್ನು ನೋಡಿ, ಕಾಯಿಲೆ ಬಿದ್ದ ಮೇಲೆ ಸೊಸೆಗೆ ಭಕ್ತಿ ಜಾಸ್ತಿಯಾಗಿದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ನಾನು ಅಲ್ಲವೆನ್ನಲಿಲ್ಲ.

ಆಗಷ್ಟೇ ಸೇರು ಹೋಗಿ ಕಿಲೋ ಬಂದಿದ್ದು ನನಗೆ ಒಳ್ಳೆಯದೇ ಆಯಿತು. ಸಂತೆಯಲ್ಲಿ ನಾನು ತಡವರಿಸಿದರೆ ಯಾರೂ ವಿಚಿತ್ರವೆಂದು ತಿಳಿಯುತ್ತಿರಲಿಲ್ಲ, ಇಡೀ ಸಂತೆಯೇ ತಡವರಿಸುತ್ತಿತ್ತು. ಆದರೆ ಎಲ್ಲ ಕಡೆ ಕಿಲೋ ನನ್ನನ್ನು ಕಾಪಾಡುವ ಹಾಗಿರಲಿಲ್ಲ. ಒಂದು ದಿನ ಮೇಲಿನ ಬೀದಿಯ ಮುದುಕಿಯೊಬ್ಬರು ಎದುರಾದಾಗ, ಅವರ ಯಜಮಾನರ ಕೀಲುನೋವು ಹೇಗಿದೆ ಎಂದು ಬಹಳ ಕಾಳಜಿಯಿಂದ ವಿಚಾರಿಸಿದೆ. ಯಜಮಾನರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮಣ್ಣಿಗೆ ನಾನೂ ಹೋಗಿದ್ದೆ. ಆಕೆ “ಈಗ ನೋವೆಲ್ಲ ವಾಸಿಯಾಗೈತೆ ಬುಡವ್ವ” ಎಂದು ಹೇಳಿ ಮುಂದೆ ಹೋದರು.

ನಗು ಬರುತ್ತಿತ್ತು, ನಿಜ. ಆದರೆ ಒಳಗೆ ಹೆದರಿಕೆಯೂ ಇತ್ತು. ಮಾತ್ರೆ ಬಿಟ್ಟರೆ ಆ ಚಾಪೆಗೆ ಮರಳಬೇಕು. ಮಾತ್ರೆ ನುಂಗಿದರೆ ನಾನು ಎನ್ನಿಸಿಕೊಂಡಿದ್ದವಳು ದಿನದಿನವೂ ಸ್ವಲ್ಪ ಸ್ವಲ್ಪ ಸೋರಿಹೋಗುತ್ತಾಳೆ. ಗಂಡನಿಗೆ ಹೇಳಿದೆ. ಅವರು ಯೋಚನೆ ಮಾಡಿ, “ನೀನು ಎದ್ದು ಓಡಾಡ್ತಿದೀಯ. ನಂಗಷ್ಟು ಸಾಕು” ಎಂದರು. ಸಾರಿಗೆ ಎರಡು ಸಲ ಉಪ್ಪು ಬಿದ್ದಿದ್ದ ದಿನವೂ ಅವರು ನೀರು ಕೇಳಿ ಕುಡಿದರೇ ಹೊರತು ಬೇರೆ ಮಾತಾಡಲಿಲ್ಲ.

ಅತ್ತೆಗೆ ಮಾತ್ರ ಬೇರೆಯೇ ಚಿಂತೆ. ಚಾಪೆಯಲ್ಲಿದ್ದ ಸೊಸೆ ಎದ್ದು ಸಂತೆಗೆ ಹೋಗುವಂತಾಗಿದ್ದಾಳೆ, ತಮ್ಮ ಮಂಡಿನೋವು ಹಾಗೆಯೇ ಇದೆ. ಶಕ್ತಿ ಮಾತ್ರೆಯೆಲ್ಲ ಸೊಸೆಯೊಬ್ಬಳಿಗೇ ಏಕೆ?

“ನಂಗೂ ಒಂದ್ ಕೊಡೇ. ವಯಸ್ಸಾದೋಳು ನಾನಾ, ನೀನಾ?”

“ಅದು ನಿಮಗಲ್ಲ ಅತ್ತೆ. ಡಾಕ್ಟ್ರು ಬೈತಾರೆ.”

“ಮೈಸೂರಿನ್ ಡಾಕ್ಟ್ರು ಇಲ್ಲಿಗ್ ಬಂದು ನೋಡ್ತಾನಾ?”

ಕೊಡಲಿಲ್ಲ. ಒಂದು ಸೋಮವಾರ, ಸಂತೆಯ ದಿನ, ಬೆಳಗಿನ ರೊಟ್ಟಿಯಾದ ಮೇಲೆ ಅವರು ತಾವೇ ತೆಗೆದುಕೊಂಡು ನುಂಗಿದ್ದಾರೆ. ಸೋಮವಾರದ ಸಂತೆಯನ್ನು ಜ್ವರ ಬಂದರೂ ಬಿಡದ ಹೆಂಗಸು ಜಗಲಿಯ ಕಂಬಕ್ಕೆ ಒರಗಿ ನಿದ್ದೆ ಹೋದರು. ಬಾಯಿ ತೆರೆದಿತ್ತು. ಬೀದಿಯಲ್ಲಿ ಗಾಡಿ, ಜನ, ಗಲಾಟೆ. ಅವರಿಗೆ ಯಾವುದರ ಪರಿವೆಯೂ ಇಲ್ಲ. ನಾನು ಊರಿನ ಡಾಕ್ಟರನ್ನು ಕರೆಸಿದೆ. ಅವರು ನಾಡಿ ನೋಡಿ, ಭಯವಿಲ್ಲ, ಮಲಗಿಸಿ, ಇನ್ನು ಮೇಲೆ ಮಾತ್ರೆ ಬೀಗದಲ್ಲಿಡಿ ಎಂದು ಬೈದು ಹೋದರು.

ಸಂಜೆ ಅತ್ತೆ ಎದ್ದು ನೀರು ಕೇಳಿದರು. ಒಂದು ಚೊಂಬು ಕುಡಿದರು. ನಾಲಿಗೆಯನ್ನು ಹೊರಳಿಸಿ ನೋಡಿಕೊಂಡು, ಇನ್ನೊಂದು ಚೊಂಬು ಕುಡಿದರು. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ.

“ಇದನ್ನ ದಿನಾ ನುಂಗ್ತೀಯೇನವ್ವ?” ಎಂದು ಕೇಳಿದರು.

“ಹೂಂ.”

“ನುಂಗ್ಕೊಂಡೇ ಒಲೆ ಮುಂದೆ ಕೂತ್ಕೋತೀಯಾ?”

“ಹೂಂ.”

ಮಾರನೆಯ ದಿನದಿಂದ ಸಾರಿಗೆ ಉಪ್ಪು ಹಾಕುವ ಕೆಲಸವನ್ನು ಅವರೇ ವಹಿಸಿಕೊಂಡರು. ನನ್ನದು ‘ತಿಂದು ಮಲಗೋ ಕಾಯಿಲೆ’ ಎಂದು ಯಾರಾದರೂ ಅಂದರೆ ಅವರನ್ನು ಹರಿದು ಮುಕ್ಕುತ್ತಿದ್ದರು. ಆ ಮಾತನ್ನು ಬೀದಿಗೆ ಕೊಟ್ಟವರೇ ಅವರು ಎಂಬುದು ನನ್ನ ಆಗಿನ ತಲೆಯಲ್ಲೂ ಉಳಿದಿತ್ತು.

ಬೇಸಿಗೆಯ ಹೊತ್ತಿಗೆ ಶನಿವಾರಸಂತೆ ಕಡೆ ಒಂದು ಮದುವೆ ಬಂತು. ಕಾಯಿಲೆಯಾದ ಮೇಲೆ ನಾನು ಹೋದ ಮೊದಲ ಮದುವೆ. ಹೋಗುವ ಮುಂಚೆ ಗಂಡ, “ಯಾರಾದ್ರೂ ಗುರ್ತು ಸಿಗ್ಲಿಲ್ಲ ಅಂದ್ರೆ ಸುಮ್ನೆ ನಕ್ಬಿಡು” ಎಂದು ಹೇಳಿಕೊಟ್ಟಿದ್ದರು. ಹಾಗೆಯೇ ಮಾಡಿದೆ. ಬಾಗಿಲಲ್ಲಿ ನಿಂತಿದ್ದ ಅಡುಗೆಯವನಿಗೂ ನಕ್ಕು ಕೈಮುಗಿದೆ.

ಊಟಕ್ಕೆ ಕುಳಿತಾಗ ಪಕ್ಕದ ಎಲೆಗೆ ನನ್ನ ಓರಗಿತ್ತಿ ಬಂದು ಕುಳಿತರು. ನನ್ನ ಗಂಡನ ಅಣ್ಣನ ಹೆಂಡತಿ. ಗಂಡ ಹೆಂಡತಿ ಅದೇ ಕಡೆಯ ಹಳ್ಳಿಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದರು. ಅವರು ಯಾರೆಂದು ನನಗೆ ಚೆನ್ನಾಗಿ ತಿಳಿಯಿತು. ಸಂತೋಷವೂ ಆಯಿತು. “ಅಕ್ಕಾ, ಎಷ್ಟ್ ದಿನ ಆಯ್ತು ನೋಡಿ! ಯಾಕಿಷ್ಟ್ ಬಡವಾಗಿದೀರಾ? ತೋಟದಲ್ಲಿ ಹೂವು ಚೆನ್ನಾಗಿ ಬಂತಾ?” ಎಂದು ಶುರುಮಾಡಿದೆ. ಅವರು ನನ್ನನ್ನು ನೋಡಿದರು. ಎಲೆಯ ಮೇಲೆ ಇಟ್ಟಿದ್ದ ಕೈ ಹಾಗೆಯೇ ನಿಂತಿತ್ತು. ಆಮೇಲೆ ನಿಧಾನವಾಗಿ, “ಬಂತು. ಒಳ್ಳೆ ಹೂವು ಬಂತು” ಎಂದರು. ನಾನು ಹಪ್ಪಳದಿಂದ ಪಾಯಸದವರೆಗೆ ಮಾತಾಡಿದೆ. ಏಳುವಾಗ ಅವರ ಕೈ ಹಿಡಿದು, “ಸೋಮವಾರ ಸಂತೆಗೆ ಬಂದಾಗ ಮನೆಗೆ ಬರ್ಲೇಬೇಕು” ಎಂದೂ ಹೇಳಿದೆ. ನಮ್ಮ ಸಾಲಿನವರೆಲ್ಲ ಏಕೆ ಇಷ್ಟು ಸದ್ದಿಲ್ಲದೆ ಉಣ್ಣುತ್ತಿದ್ದಾರೆ ಎಂದು ಮಾತ್ರ ಅರ್ಥವಾಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಗಂಡ ಕೇಳಿದರು, “ಅತ್ತಿಗೆ ಜೊತೆ ಮಾತಾಡ್ದೆ ಅಲ್ವಾ?”

“ಹೌದು, ಪಾಪ, ಬಡವಾಗಿದಾರೆ.”

“ನೀವಿಬ್ರೂ ಮಾತು ಬಿಟ್ಟಿದ್ರಿ.”

ಆಗ ನೆನಪಾಯಿತು, ಒಟ್ಟಿಗೆ, ಪೂರ್ತಿ. ನಮ್ಮ ಚಿಕ್ಕ ಮಗಳ ನಾಮಕರಣದ ದಿನ ನಾನು ಹೋಳಿಗೆ ಮಾಡಿದ್ದೆ. ತುಂಬಿದ ಮನೆಯಲ್ಲಿ ಓರಗಿತ್ತಿ, “ಇದನ್ನ ನಾಯಿಗೆ ಹಾಕಿದ್ರೆ ನಾಯಿ ಹಲ್ಲು ಬಿದ್ದೋಗ್ತದೆ” ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವರು ಉಟ್ಟಿದ್ದ ಹಸಿರು ಸೀರೆ, ನಕ್ಕಾಗ ಕಂಡ ಓರೆ ಹಲ್ಲು, ಎಲ್ಲವನ್ನೂ ನಾನು ವರ್ಷಗಟ್ಟಲೆ ಒರೆಸಿ ಹೊಳಪು ಕೊಟ್ಟು ಇಟ್ಟುಕೊಂಡಿದ್ದೆ. ಅಂದಿನಿಂದ ಅವರು ಬಂದ ಮದುವೆಗಳಲ್ಲಿ ನಾನು ಮುಖ ತಿರುಗಿಸಿದ್ದೆ. ಅಂಥ ಆಸ್ತಿಯನ್ನು ಹಪ್ಪಳ ತಿನ್ನುತ್ತಾ ಕಳೆದುಕೊಂಡು ಬಂದೆನಲ್ಲ ಎಂದು ನನ್ನ ಬಾಯಿಯ ಮೇಲೆ ನನಗೇ ಸಿಟ್ಟು ಬಂತು. ಊರು ಬರುವವರೆಗೂ ಆ ಸಿಟ್ಟನ್ನು ಓರಗಿತ್ತಿಯ ಕಡೆ ತಿರುಗಿಸಲು ನೋಡಿದೆ. ತಿರುಗಲಿಲ್ಲ.

ಸೋಮವಾರ ಅವರು ಬಂದೇ ಬಂದರು, ಒಂದು ಬುಟ್ಟಿ ಕಿತ್ತಳೆಹಣ್ಣಿನೊಂದಿಗೆ. ಅತ್ತೆ ಕಾಫಿ ಕಾಯಿಸಿದರು. ಮೂವರೂ ಅಡುಗೆಮನೆಯಲ್ಲಿ ಕುಳಿತೆವು. ಸ್ವಲ್ಪ ಹೊತ್ತಾದ ಮೇಲೆ ಓರಗಿತ್ತಿ ಲೋಟ ಕೆಳಗಿಟ್ಟು, “ಒಂದ್ ಮಾತ್ ಕೇಳ್ಲಾ? ನೀನು ನನ್ ಜೊತೆ ಮಾತ್ ಬಿಟ್ಟಿದ್ದಾದ್ರೂ ಯಾಕೆ?” ಎಂದರು.

ಹೇಳಿದೆ. ಹೋಳಿಗೆ, ನಾಯಿ, ಹಲ್ಲು, ಹಸಿರು ಸೀರೆ.

“ಅಯ್ಯೋ, ಆ ಮಾತು ನಾನ್ ಹೇಳಿದ್ದಲ್ಲ ಕಣೇ! ನಾನು ನಕ್ಕಿದ್ದು ನಿಜ.”

“ನೀವೇ. ನನಗೆ ಚೆನ್ನಾಗಿ ನೆನಪಿದೆ.”

ಒಲೆಯ ಕಡೆಯಿಂದ ಅತ್ತೆ ತಿರುಗಿದರು. “ಹೋಳಿಗೆ ಮಾತಾ? ಅದು ನಾನ್ ಅಂದಿದ್ದು.”

ನಾವಿಬ್ಬರೂ ಅವರನ್ನೇ ನೋಡಿದೆವು.

“ಗಟ್ಟಿ ಆಗಿತ್ತು, ಅಂದೆ. ಅದಕ್ಕೆ ಮಾತ್ ಬಿಟ್ಟಿದ್ರಾ ನೀವು? ನಾನು ಏನೋ ಒಡವೆ ವಿಷ್ಯ ಅಂದ್ಕೊಂಡಿದ್ದೆ.”

“ಮತ್ತೆ ಒಂದ್ ಸಲಾನೂ ಹೇಳ್ಲಿಲ್ವಲ್ಲ ಅತ್ತೆ!”

“ನೀವ್ ಯಾರಾದ್ರೂ ಕೇಳಿದ್ರಾ?”

ಓರಗಿತ್ತಿಗೆ ನಗು ಶುರುವಾಯಿತು. ಅದೇ ಓರೆ ಹಲ್ಲು. ನನಗೂ ನಗು ಬಂತು, ಆಮೇಲೆ ಅಳು ಬಂತು, ಎರಡೂ ಒಟ್ಟಿಗೆ ಬಂದು ಕೆಮ್ಮು ಹತ್ತಿತು. ಮಾತ್ರೆ ನನ್ನ ನೆನಪನ್ನು ತಿಂದಿತೆಂದು ಅಷ್ಟು ದಿನ ಕೊರಗಿದ್ದೆ. ನೆನಪು ಚಿನ್ನದ ಹಾಗಿದ್ದ ಕಾಲದಲ್ಲೇ, ಒಂದು ಮಾತ್ರೆಯನ್ನೂ ಕಾಣದಿದ್ದಾಗಲೇ, ನಾನು ಯಾರದೋ ಮಾತನ್ನು ಇನ್ಯಾರದೋ ಬಾಯಿಗೆ ಹೊಲಿದು, ಅದಕ್ಕೆ ಹಸಿರು ಸೀರೆ ಬೇರೆ ಉಡಿಸಿಟ್ಟಿದ್ದೆ. ಸೀರೆಯೂ ಹಸಿರಲ್ಲ, ನೀಲಿ ಎಂದರು ಓರಗಿತ್ತಿ. ಅದನ್ನು ನಾನು ಒಪ್ಪಲಿಲ್ಲ.

ಮುಂದಿನ ಸಲ ಮೈಸೂರಿಗೆ ಹೋದಾಗ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಸೌಟು, ಎರಡು ಸಲದ ಪೂಜೆ, ತೀರಿಹೋದವರ ಕೀಲುನೋವು. “ಈ ಮಾತ್ರೆ ನೆನಪನ್ನ ತಿನ್ನತ್ತಾ ಡಾಕ್ಟ್ರೇ?”

ಅವರು, “ಕಾಯಿಲೇನೂ ಮರೆಸತ್ತೆ, ಮಾತ್ರೇನೂ ಮರೆಸಬಹುದು. ನಿಮ್ಮಲ್ಲಿ ಯಾವುದು ಎಷ್ಟು ಅಂತ ನನಗೂ ಹೇಳಕ್ಕಾಗಲ್ಲಮ್ಮ. ಈಗ ಚೆನ್ನಾಗಿದೀರ. ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ನೋಡೋಣ. ನೀವಾಗೇ ಒಂದೇ ಸಲ ಬಿಡಬೇಡಿ” ಎಂದರು. ಓರಗಿತ್ತಿಯ ಜಗಳದ ಕಥೆ ಕೇಳಿ ಕನ್ನಡಕ ತೆಗೆದು ನಕ್ಕರು. ಅದನ್ನು ಮರೆಸಿದ್ದು ಮಾತ್ರೆಯೋ, ಮನಸ್ಸು ಹಗುರಾದದ್ದೋ ಎಂದು ಕೇಳಿದೆ. “ಅದೂ ಗೊತ್ತಿಲ್ಲ” ಎಂದರು. ಅಷ್ಟು ಓದಿದವರು ಅಷ್ಟು ಸಲ ಗೊತ್ತಿಲ್ಲ ಎಂದದ್ದನ್ನು ನಾನು ಬೇರೆ ಎಲ್ಲಿಯೂ ಕೇಳಿಲ್ಲ. ಅವರ ಮೇಲೆ ನಂಬಿಕೆ ಬಂದದ್ದೇ ಅದರಿಂದ.

ಮಾತ್ರೆ ಕಡಿಮೆಯಾದ ಹಾಗೆ ಬಾಯಿಗೆ ನೀರು ಬಂತು, ಮಾತುಗಳೂ ಒಂದೊಂದಾಗಿ ಬಂದವು. ಒಂದು ದಿನ ಯೋಚಿಸದೆಯೇ “ಸೌಟು ಕೊಡೆ” ಎಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಎಲ್ಲವೂ ಬರಲಿಲ್ಲ. ಮಾತ್ರೆ ಶುರುವಾದ ಆ ಚಳಿಗಾಲದಲ್ಲಿ ದೊಡ್ಡ ಮಗಳು ಶಾಲೆಯ ನಾಟಕದಲ್ಲಿ ರಾಣಿಯಾಗಿದ್ದಳು. ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆನಂತೆ, ಅವಳ ಮಾತು ಮುಗಿದಾಗ ಎದ್ದು ನಿಂತು ಕೈತಟ್ಟಿದೆನಂತೆ. ನನ್ನ ತಲೆಯಲ್ಲಿ ಆ ಸಂಜೆ ಇಲ್ಲ. ಎಷ್ಟು ಹುಡುಕಿದರೂ ಒಂದು ದೀಪ, ಒಂದು ಪರದೆ, ಅವಳ ತಲೆಯ ಕಾಗದದ ಕಿರೀಟ, ಏನೂ ಸಿಗುವುದಿಲ್ಲ. ಬೀದಿಯವರ ಸೀರೆ ಸೆರಗುಗಳೆಲ್ಲ ಹೋಗಿ ಅದೊಂದು ಉಳಿದಿದ್ದರೆ ನಾನು ಯಾರ ಮೇಲೂ ದೂರು ಹೇಳುತ್ತಿರಲಿಲ್ಲ. ಅವಳು ದೊಡ್ಡವಳಾದ ಮೇಲೆ ಒಮ್ಮೆ ಈ ಮಾತು ಹೇಳಿದೆ. “ನೀನ್ ಬಂದಿದ್ದೆ ಅವ್ವ. ನಂಗ್ ನೆನಪೈತೆ” ಎಂದಳು.

ಕೆಲವು ವರ್ಷಗಳ ನಂತರ ಆ ಕಾಯಿಲೆ ಮತ್ತೆ ಬಂತು. ಈ ಸಲ ಚಾಪೆ ಹಿಡಿಯುವವರೆಗೆ ಕಾಯಲಿಲ್ಲ. ಅಂಗಡಿ ಬಿಟ್ಟು ಬರಲು ಗಂಡನಿಗೆ ಆಗದೆ, ಓರಗಿತ್ತಿ ಜೊತೆಗೆ ಹೊರಟರು. ಬೀದಿಯವರು ಎಲ್ಲಿಗೆ ಎಂದು ಕೇಳಿದ್ದಕ್ಕೆ, ಕಣ್ಣು ತೋರಿಸಲು ಎಂದು ನಾನು ಬಾಯಿ ತೆರೆಯುವ ಮುಂಚೆಯೇ ಅವರು, “ಇವಳಿಗೆ ಮನಸ್ಸಿಗೆ ಹುಷಾರಿಲ್ಲ, ಮೈಸೂರ್ ಡಾಕ್ಟ್ರ ಹತ್ರ” ಎಂದುಬಿಟ್ಟರು. ಕೇಳಿದವರು, “ಹೌದಾ, ಹುಷಾರಾಗಿ ಹೋಗ್ಬನ್ನಿ” ಎಂದು ತಮ್ಮ ದಾರಿ ಹಿಡಿದರು.

ಡಾಕ್ಟರ ಕೋಣೆಯಲ್ಲೂ ಅವರದೇ ಮಾತು. ನಿದ್ದೆ ಹೇಗಿದೆ ಎಂದರೆ ಅವರೇ ಹೇಳಿದರು, ಊಟ ಹೇಗಿದೆ ಎಂದರೂ ಅವರೇ. ಹಿಂದಿನ ಸಲ ಮಾತ್ರೆ ನುಂಗಿದಾಗ ಏನೇನಾಯಿತು ಎಂದು ಡಾಕ್ಟರು ಕೇಳಿದ್ದಕ್ಕೆ, ನಾನು ಪಾಯಸಕ್ಕೆ ಉಪ್ಪು ಹಾಕಿದ್ದಾಗಿಯೂ, ಸತ್ತವರನ್ನು ಊಟಕ್ಕೆ ಕರೆದಿದ್ದಾಗಿಯೂ ವಿವರವಾಗಿ ಹೇಳಿದರು. ಅರ್ಧಕ್ಕೂ ಹೆಚ್ಚು ತಪ್ಪು. ಡಾಕ್ಟರು ನನ್ನ ಕಡೆ ತಿರುಗಿ, “ಇದೆಲ್ಲ ನಿಜಾನಾಮ್ಮ?” ಎಂದು ಕೇಳಿದರು.

“ಅಕ್ಕ ಹೇಳಿದ ಮೇಲೆ ನಿಜಾನೇ ಇರ್ಬೇಕು” ಎಂದೆ. ಅವರು ಮಾತ್ರೆ ಬರೆದುಕೊಟ್ಟರು. ಈ ಸಲ ಪ್ರಮಾಣ ಕಡಿಮೆ. ಹೊರಗೆ ಬಂದು, ಇಬ್ಬರೂ ಬಸ್ ನಿಲ್ದಾಣದ ಹತ್ತಿರ ಮಸಾಲೆ ದೋಸೆ ತಿಂದೆವು. ನನಗೆ ರುಚಿ ಗೊತ್ತಾಗುತ್ತಿರಲಿಲ್ಲ. “ಗೊತ್ತಾಗತ್ತೆ, ಇನ್ನೊಂದಿಷ್ಟು ವಾರ ಹೋಗ್ಲಿ” ಎಂದು ಓರಗಿತ್ತಿ ನನ್ನ ತಟ್ಟೆಯಲ್ಲಿ ಉಳಿದಿದ್ದನ್ನೂ ತಾವೇ ತಿಂದರು.